ಹಬ್ಬದಿಂದ ಹಿಂದಕ್ಕೆ ಎಣಿಸಿ, ಬೀಜ ಹಾಕಿ

ಹೂದೋಟ ಪ್ರಶ್ನೋತ್ತರ: ಮುಂಗಾರಿನ ಕಂತು

ಈ ಸಲ ಬಂದಿರೋ ಪತ್ರ, ವಾಟ್ಸಾಪ್ ಮೆಸೇಜ್ ಎಲ್ಲಾ ಸೇರಿಸಿ ಓದಿದೆ. ಬಹುತೇಕ ಎಲ್ರೂ ಕೇಳಿರೋದು ಒಂದೇ, ದೇವರಿಗೆ, ಮುಡಿಯೋಕೆ, ಟೇಬಲ್ ಮೇಲಿಡೋಕೆ ಬೇಕಾದ ಹೂವನ್ನ ಮನೇಲೇ ಬೆಳ್ಕೊಳ್ಳೋದು ಹೇಗೆ ಅಂತ. ಮಳೆ ಹಿಡಿದಿದೆ, ಮಣ್ಣು ಹದವಾಗಿದೆ, ಕೇಳೋಕೆ ಇದೇ ಸರಿಯಾದ ಟೈಮು. ಜಾಗ ಇದ್ದಷ್ಟೂ ಉತ್ತರ ಕೊಟ್ಟಿದ್ದೀನಿ, ಉಳಿದಿದ್ದು ಮುಂದಿನ ತಿಂಗಳಿಗೆ.

ಪ್ರಶ್ನೆ: ಮೇಡಂ, ಹೋದ ವರ್ಷ ಆಯುಧಪೂಜೆಗೆ ಅಂತಾನೇ ಮನೆ ಪಕ್ಕದ ಖಾಲಿ ಸೈಟಲ್ಲಿ ಚೆಂಡು ಹೂ ಹಾಕಿದ್ವಿ. ಗಿಡವೇನೋ ಸೊಂಟದೆತ್ತರ ಬಂತು, ಹಬ್ಬದ ದಿನ ನೋಡಿದ್ರೆ ಬರೀ ಮೊಗ್ಗು. ಕೊನೆಗೆ ಮಾರ್ಕೆಟ್‌ನಿಂದಾನೇ ತಂದು ಗಾಡಿಗೆ ಕಟ್ಟಿದ್ವಿ. ಬೀಜ ಹಳೇ ಹಾರದ ಹೂ ಒಣಗಿಸಿ ತೆಗೆದಿದ್ದು, ಆಗಸ್ಟ್ ಮೊದಲನೇ ವಾರ ಚೆಲ್ಲಿದ್ವಿ. ಎಲ್ಲಿ ಎಡವಟ್ಟಾಯ್ತು?
(ಓದುಗರು, ತುಮಕೂರು)

ಉತ್ತರ: ಎಡವಟ್ಟು ಆಗಿರೋದು ತಿಂಗಳಲ್ಲಿ, ಗಿಡದ್ದೇನೂ ತಪ್ಪಿಲ್ಲ. ಚೆಂಡು ಹೂವಿಗೆ ಬೀಜ ಹಾಕಿ ಸಸಿ ಕೀಳೋ ಹೊತ್ತಿಗೆ 25ರಿಂದ 30 ದಿನ ಬೇಕು, ನಾಟಿ ಮಾಡಿದ್ಮೇಲೆ ಗಿಡ ತುಂಬಾ ಹೂ ಬರೋಕೆ ಇನ್ನೂ 50ರಿಂದ 60 ದಿನ. ಅಂದ್ರೆ ಹತ್ತಿರತ್ತಿರ ಮೂರು ತಿಂಗಳು ಆಯ್ತಲ್ಲ. ಅದಕ್ಕೆ ನಾನು ಎಲ್ಲರಿಗೂ ಹೇಳೋದು, ಮೊದಲು ಕ್ಯಾಲೆಂಡರ್ ತೆಗೀರಿ, ಹಬ್ಬದ ತಾರೀಖಿನಿಂದ 90 ದಿನ ಹಿಂದಕ್ಕೆ ಎಣಿಸಿ, ಆಮೇಲೆ ಬೀಜ ಕೈಗೆ ತಗೊಳ್ಳಿ. ಆಯುಧಪೂಜೆ ಸೆಪ್ಟೆಂಬರ್ ಕೊನೇಲಿ ಬಂದ್ರೆ ಜೂನ್ ಕೊನೇಲಿ ಬೀಜ, ಅಕ್ಟೋಬರ್ ನಡುವೆ ಬಂದ್ರೆ ಜುಲೈ ನಡುವೆ. ನೀವು ಹಾಕಿದ ಲೆಕ್ಕಕ್ಕೆ ಹೂ ಬರ್ಬೇಕಾಗಿದ್ದೇ ನವೆಂಬರ್‌ನಲ್ಲಿ.

ಇನ್ನೊಂದು ವಿಷಯ ತುದಿ ಚಿವುಟೋದು. ನಾಟಿಯಾಗಿ ತಿಂಗಳು, ತಿಂಗಳ ಮೇಲೆ ಒಂದ್ವಾರ ಆದಾಗ ನಡುವಿನ ತುದಿ ಚಿವುಟಿ ಹಾಕಿದ್ರೆ ಪಕ್ಕದಿಂದ ಕವಲು ಒಡೆದು ಗಿಡ ಪೊದೆ ಆಗುತ್ತೆ, ಹೂವಿನ ಲೆಕ್ಕ ಜಾಸ್ತಿ ಆಗುತ್ತೆ, ಆದ್ರೆ ಮೊದಲ ಹೂವು ಒಂದು 10 ದಿನ ಮುಂದಕ್ಕೆ ಹೋಗುತ್ತೆ. ಚಿವುಟೋ ಯೋಚನೆ ಇದ್ರೆ ಆ 10 ದಿನಾನೂ ಲೆಕ್ಕಕ್ಕೆ ಸೇರಿಸ್ಕೊಂಡು ಬೀಜ ಹಾಕಿ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಡಿ. ಯೂರಿಯಾ ಕೈಬಿಚ್ಚಿ ಹಾಕಿದ್ರೆ ಎಲೆ ಚೆನ್ನಾಗಿ ಬರುತ್ತೆ, ಹೂ ತಡ ಆಗುತ್ತೆ, ಸೊಂಟದೆತ್ತರ ಬಂತು ಅಂದಿದ್ದು ಓದಿದಾಗ ನಂಗೆ ಇದೂ ಇರಬಹುದು ಅನ್ನಿಸ್ತು.

ಹಾರದ ಹೂವಿನ ಬೀಜದ ಬಗ್ಗೆ. ಈಗ ಮಾರ್ಕೆಟ್‌ಗೆ ಬರೋ ದಪ್ಪ ಹೂವಲ್ಲಿ ಹೆಚ್ಚಿನವು ಹೈಬ್ರಿಡ್ಡು, ಅದರ ಬೀಜದಿಂದ ಅಂಥದ್ದೇ ಹೂ ಬರಲ್ಲ, ಒಂದು ಗಿಡ ಒಂದು ಥರ ಇರುತ್ತೆ, ಕೆಲವು ಬೀಜ ಹುಟ್ಟೋದೇ ಇಲ್ಲ. ಹೊಸ ಪ್ಯಾಕೆಟ್ ತಗೊಳ್ಳಿ, ದೊಡ್ಡ ಖರ್ಚೇನಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅರ್ಕ ಅಗ್ನಿ, ಅರ್ಕ ಬಂಗಾರ ಅಂತ ತಳಿಗಳನ್ನೂ ಮಾಡಿದ್ದಾರೆ, ಸಿಕ್ಕಿದ್ರೆ ಬಿಡಬೇಡಿ. ಅರ್ಧ ಬೀಜ ಈಗ, ಉಳಿದರ್ಧ ಎರಡು ವಾರ ಬಿಟ್ಟು ಹಾಕಿದ್ರೆ ದಸರಾಗೂ ಆಯ್ತು, ದೀಪಾವಳಿಗೂ ಆಯ್ತು. ಹೂ ಮುಗಿದ್ಮೇಲೆ ಅದೇ ಜಾಗದಲ್ಲಿ ಟೊಮ್ಯಾಟೊ ಹಾಕಿ, ಚೆಂಡು ಹೂವಿನ ಬೇರು ಮಣ್ಣಲ್ಲಿರೋ ಗಂಟುಬೇರಿನ ಜಂತುಹುಳ ಕಮ್ಮಿ ಮಾಡುತ್ತೆ.

ಪ್ರಶ್ನೆ: ಅಂಗಡಿಯಿಂದ ತಂದಿದ್ದಾಗ್ಲಿ, ಮನೇಲಿ ಕೊಯ್ದಿದ್ದಾಗ್ಲಿ, ವಾಸ್‌ನಲ್ಲಿಟ್ಟ ಹೂವು ಎರಡೇ ದಿನಕ್ಕೆ ತಲೆ ಬಗ್ಗಿಸುತ್ತೆ. ಒಬ್ರು ಆಸ್ಪಿರಿನ್ ಹಾಕಿ ಅಂತಾರೆ, ಒಬ್ರು ತಾಮ್ರದ ಕಾಸು, ಇನ್ನೊಬ್ರು ಸ್ಪ್ರೈಟು. ಯಾವುದು ನಿಜ?
(ಓದುಗರು, ಮೈಸೂರು)

ಉತ್ತರ: ಮೂರರಲ್ಲಿ ಒಂದಿಷ್ಟು ಕೆಲಸ ಮಾಡೋದು ಸ್ಪ್ರೈಟ್ ಥರದ ನಿಂಬೆ ಸೋಡಾ ಮಾತ್ರ, ಅದರಲ್ಲಿ ಸಕ್ಕರೇನೂ ಇದೆ, ಹುಳೀನೂ ಇದೆ. ಮಿಕ್ಕಿದ್ದೆರಡನ್ನ ನಂಬ್ಕೊಂಡು ಕೂರಬೇಡಿ.

ಕೊಯ್ದ ಹೂವು ಬಾಡೋದು ನೀರಿಲ್ದೆ ಅಲ್ಲ, ನೀರು ಮೇಲಕ್ಕೆ ಹತ್ತದೇ. ಕಡ್ಡಿ ಕತ್ತರಿಸಿದ ತಕ್ಷಣ ಒಳಗಿನ ಕೊಳವೆಗೆ ಗಾಳಿ ಎಳ್ಕೊಳ್ಳುತ್ತೆ, ಆಮೇಲೆ ವಾಸ್ ನೀರಲ್ಲಿ ಬೆಳೆಯೋ ಬ್ಯಾಕ್ಟೀರಿಯಾ ಬಂದು ಆ ಕೊಳವೆ ಬಾಯಿ ಮುಚ್ಚುತ್ತೆ. ಅದಕ್ಕೇ ಬೆಳಗ್ಗೆ ಬಿಸಿಲೇರೋಕ್ ಮುಂಚೆ ಕೊಯ್ಯಿ, ಕೊಯ್ಯೋವಾಗ್ಲೇ ಪಕ್ಕದಲ್ಲಿ ಬಕೆಟ್ ನೀರಿರಲಿ, ಕೊಯ್ದಿದ್ದು ಸೀದಾ ನೀರಿಗೆ ಹೋಗ್ಬೇಕು. ನೆರಳಲ್ಲಿ ಒಂದೆರಡು ಗಂಟೆ ಹಾಗೇ ಕುಡೀಲಿ ಬಿಡಿ. ಆಮೇಲೆ ತುದೀನ ನೀರೊಳಗೇ ಇನ್ನೊಂದ್ಸಲ ಓರೆಯಾಗಿ ಕತ್ತರಿಸಿ ವಾಸ್‌ಗೆ ಹಾಕಿ. ನೀರಿಗೆ ಮುಳುಗೋ ಎಲೆ ಒಂದನ್ನೂ ಬಿಡಬೇಡಿ, ಕೊಳೆಯೋದೇ ಅಲ್ಲಿಂದ.

ಮನೇಲೇ ಹೂವಿಗೆ ಊಟ ಮಾಡ್ಕೋಬಹುದು. ಒಂದು ಲೀಟರ್ ನೀರಿಗೆ ಒಂದು ಟೇಬಲ್ ಸ್ಪೂನ್ ಸಕ್ಕರೆ, ಎರಡು ಟೇಬಲ್ ಸ್ಪೂನ್ ನಿಂಬೆರಸ, ಕಾಲು ಟೀ ಸ್ಪೂನ್ ಬಟ್ಟೆಗೆ ಹಾಕೋ ಬ್ಲೀಚು. ಬರೀ ಸಕ್ಕರೆ ಹಾಕಿದ್ರೆ ಬ್ಯಾಕ್ಟೀರಿಯಾಗೇ ಹಬ್ಬ ಮಾಡಿದಂಗೆ, ಹಾಗಾಗಿ ಬ್ಲೀಚ್ ಬಿಡೋ ಹಾಗಿಲ್ಲ. ಎರಡು ದಿನಕ್ಕೊಂದ್ಸಲ ನೀರು ಬದಲಾಯಿಸಿ, ಪ್ರತಿ ಸಲ ಕಡ್ಡಿ ತುದಿ ಅರ್ಧ ಇಂಚು ಕತ್ತರಿಸಿ. ಜರ್ಬೆರಾಗೆ ಮಾತ್ರ ನೀರು ಎರಡು ಮೂರು ಇಂಚು ಸಾಕು, ಅದರ ಕಡ್ಡಿ ಮೇಲೆ ರೋಮ ಇರುತ್ತೆ, ಜಾಸ್ತಿ ನೀರಲ್ಲಿ ನಿಂತ್ರೆ ಕೊಳೆಯುತ್ತೆ.

ಹಬ್ಬದ ದಿನ ನಾವೆಲ್ಲಾ ಮಾಡೋ ಒಂದು ಕೆಲಸ ಇದೆ, ಹಣ್ಣಿನ ತಟ್ಟೆ ಪಕ್ಕಾನೇ ಹೂವಿಡೋದು. ಮಾಗಿದ ಬಾಳೆಹಣ್ಣು, ಮಾವಿನಹಣ್ಣಿಂದ ಎಥಿಲೀನ್ ಅನ್ನೋ ಗ್ಯಾಸ್ ಬರುತ್ತೆ, ಕಾರ್ನೇಷನ್ ಥರದ ಹೂವನ್ನ ಅದು ಬೇಗ ಮುದುಡಿಸುತ್ತೆ. ಪೂಜೆ ಹೊತ್ತಿಗೆ ಜೊತೇಲಿರಲಿ, ಹಿಂದಿನ ರಾತ್ರಿ ಎರಡನ್ನೂ ಒಂದೇ ಫ್ರಿಜ್‌ನಲ್ಲಿ ತುಂಬಿಡಬೇಡಿ.

ಯಾವ ಹಂತದಲ್ಲಿ ಕೊಯ್ಯೋದು ಅನ್ನೋದೂ ಅಷ್ಟೇ ಮುಖ್ಯ. ಗುಲಾಬಿ ಮೊಗ್ಗು ಸಡಿಲ ಆಗೋವಾಗ, ಗ್ಲಾಡಿಯೋಲಸ್ ಕೆಳಗಿನ ಒಂದೆರಡು ಮೊಗ್ಗು ಬಣ್ಣ ತೋರಿಸಿದಾಗ ಕೊಯ್ದ್ರೆ ವಾಸ್‌ನಲ್ಲಿ ಅರಳ್ತವೆ. ಚೆಂಡು ಹೂ, ಡೇರೆ (ಡೇಲಿಯಾ), ಜಿನ್ನಿಯಾ ಹಾಗಲ್ಲ, ಗಿಡದಲ್ಲೇ ಅರಳಿರ್ಬೇಕು. ಜಿನ್ನಿಯಾಗೆ ಒಂದು ಪರೀಕ್ಷೆ ಇದೆ, ಹೂವಿನಿಂದ ಒಂದು ಗೇಣು ಕೆಳಗೆ ಕಡ್ಡಿ ಹಿಡಿದು ಅಲ್ಲಾಡಿಸಿ, ಕುತ್ತಿಗೆ ಬಳುಕಿದ್ರೆ ಇನ್ನೂ ಆಗಿಲ್ಲ, ನೆಟ್ಟಗೆ ನಿಂತ್ರೆ ಕೊಯ್ಯಿ.

ಪ್ರಶ್ನೆ: ಮೇಡಂ, ಕಾಂಪೌಂಡ್ ಪಕ್ಕ ಕುಂಡದಲ್ಲಿ ಸೇವಂತಿಗೆ ಇಟ್ಟಿದ್ದೀನಿ. ಹಸಿರಾಗಿ ಮೈತುಂಬಿ ನಿಂತಿದೆ. ಹೋದ ವರ್ಷ ಡಿಸೆಂಬರ್ ಕಳೆದ್ರೂ ಒಂದು ಮೊಗ್ಗಿಲ್ಲ, ಅದೇ ಗಿಡದ ಮರಿ ತಗೊಂಡ ತಂಗಿ ಮನೇಲಿ ಹೂವೋ ಹೂವು. ಮಣ್ಣು, ಗೊಬ್ಬರ ಎಲ್ಲಾ ಒಂದೇ.
(ಓದುಗರು, ವಿಜಯನಗರ, ಬೆಂಗಳೂರು)

ಉತ್ತರ: ನಿಮ್ಮ ಕಾಂಪೌಂಡ್ ಎದುರು ಬೀದಿ ದೀಪ ಇದ್ಯಾ? ಇಲ್ಲಾ ಗೇಟಿನ ಲೈಟು ರಾತ್ರಿಯಿಡೀ ಉರಿಯುತ್ತಾ? ನಂಗೆ ಅದರ ಮೇಲೇ ಅನುಮಾನ.

ಸೇವಂತಿಗೆ ರಾತ್ರಿ ಅಳೆಯೋ ಗಿಡ. ಹಗಲು ಕಮ್ಮಿಯಾಗಿ ಕತ್ತಲೆ ಉದ್ದ ಆಗ್ತಾ ಬಂದಾಗ್ಲೇ ಅದು ಮೊಗ್ಗು ಕಟ್ಟೋದು, ಅದಕ್ಕೇ ನಮ್ಮಲ್ಲಿ ನವರಾತ್ರಿಯಿಂದ ಶುರುವಾಗಿ ಕಾರ್ತಿಕ ಮಾಸ ಪೂರ್ತಿ ಸೇವಂತಿಗೆ ಕಾಲ. ಆ ಕತ್ತಲೆ ಮಧ್ಯೆ ಬೆಳಕು ಬಿದ್ರೆ ಗಿಡಕ್ಕೆ ರಾತ್ರಿ ಆದಂಗೇ ಅನ್ಸಲ್ಲ, ಎಲೆ ಬಿಡ್ತಾನೇ ಇರುತ್ತೆ. ಇದು ರೈತರಿಗೆ ಚೆನ್ನಾಗಿ ಗೊತ್ತು, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೋದ್ರೆ ಸೇವಂತಿಗೆ ಹೊಲದ ಮೇಲೆ ಸಾಲಾಗಿ ಬಲ್ಬ್ ಉರೀತಿರೋದು ಕಾಣುತ್ತೆ, ಬೇಕು ಅಂತಾನೇ ಹೂವನ್ನ ತಡೆದು, ರೇಟ್ ಸಿಗೋ ಹೊತ್ತಿಗೆ ಹೂ ಬರೋ ಹಾಗೆ ಲೈಟ್ ಆರಿಸ್ತಾರೆ. ಅವರು ಲೆಕ್ಕ ಹಾಕಿ ಮಾಡೋದು ನಿಮ್ಮ ಮನೇಲಿ ಬೀದಿ ದೀಪ ತಾನಾಗೇ ಮಾಡ್ತಿದೆ.

ಕುಂಡ ಆಗಿರೋದ್ರಿಂದ ಸುಲಭ, ಆಗಸ್ಟ್ ಬಂದ ಕೂಡ್ಲೆ ಮನೆ ಹಿಂದಕ್ಕೆ, ರಾತ್ರಿ ಕತ್ತಲೆ ಇರೋ ಕಡೆ ಇಡಿ. ಜಾಗ ಇಲ್ಲ ಅಂದ್ರೆ ಸಂಜೆ 6ಕ್ಕೆ ದೊಡ್ಡ ರಟ್ಟಿನ ಡಬ್ಬಿ ಮುಚ್ಚಿ ಬೆಳಗ್ಗೆ 7ಕ್ಕೆ ತೆಗೀರಿ, ಮೊಗ್ಗು ಬಣ್ಣ ತೋರಿಸೋ ತನಕ ಒಂದು ದಿನಾನೂ ತಪ್ಪಿಸ್ಬಾರ್ದು. ತುದಿ ಚಿವುಟೋದನ್ನ ಜುಲೈ ಕೊನೆಗೆ ನಿಲ್ಲಿಸಿಬಿಡಿ, ಆಮೇಲೆ ಚಿವುಟಿದ್ರೆ ಕಟ್ಟೋ ಮೊಗ್ಗನ್ನೇ ಕಿತ್ತಂಗಾಗುತ್ತೆ. ಹೂ ಮುಗಿದ್ಮೇಲೆ ಗಿಡಾನ ನೆಲಮಟ್ಟಕ್ಕೆ ಕತ್ತರಿಸಿ, ಬುಡದಲ್ಲಿ ಏಳೋ ಮರೀನ ಬೇರೆ ಮಾಡಿ ಹೊಸ ಮಣ್ಣಿಗೆ ಹಾಕಿ. ಹಳೇ ಬುಡಾನೇ ಮೂರ್ನಾಲ್ಕು ವರ್ಷ ಇಟ್ಕೊಂಡ್ರೆ ಹೂ ಸಣ್ಣ ಆಗ್ತಾ ಹೋಗುತ್ತೆ.

ಪ್ರಶ್ನೆ: ಅಕ್ಕಾ, ನಮ್ಮನೆ ಅಂಗಳದಲ್ಲಿ ಅತ್ತೆ ಕಾಲದ ಡೇರೆ ಇದ್ದು, ಬೇರೆ ಬೇರೆ ಬಣ್ಣದ್ದು. ಮಳೆ ಜೋರಾದ ಕೂಡ್ಲೆ ಗಡ್ಡೆ ಕೊಳೀತಾ ಹೋಗ್ತು, ಎರಡು ಬಣ್ಣ ಕಳ್ಕೊಂಡಾಯ್ತು. ಉಳಿದಿದ್ದನ್ನ ಉಳಿಸ್ಕೊಳ್ಳದು ಹ್ಯಾಂಗೆ?
(ಗೃಹಿಣಿ, ಸಾಗರ)

ಉತ್ತರ: ಈ ಪತ್ರ ಓದಿ ತುಂಬಾ ಖುಷಿಯಾಯ್ತು ಅಕ್ಕ. ಸಾಗರ, ಸಿರ್ಸಿ ಕಡೆ ಹೆಂಗಸರು ಡೇರೆ ಗಡ್ಡೆನ ಮನೆಯಿಂದ ಮನೆಗೆ ಹಂಚ್ಕೊಂಡು ಉಳಿಸ್ಕೊಂಡು ಬಂದಿರೋ ಬಣ್ಣಗಳು ಯಾವ ನರ್ಸರೀಲೂ ಸಿಗಲ್ಲ, ಅದು ಹೋದ್ರೆ ಹೋದಂಗೇ. ಅದಕ್ಕೇ ಮೊದಲನೇ ಮಾತು, ಪ್ರತಿ ಬಣ್ಣದ ಒಂದು ಗಡ್ಡೆ ಈ ವರ್ಷಾನೇ ಇನ್ನೊಂದು ಮನೆಗೆ ಕೊಡಿ. ನಿಮ್ಮಲ್ಲಿ ಕೊಳೆತ್ರೂ ಅಲ್ಲಿರುತ್ತೆ.

ಡೇರೆಯ ಮೂಲ ಮೆಕ್ಸಿಕೋದ ಬೆಟ್ಟದ ಸೀಮೆ. ಚೆಂಡು ಹೂ, ಜಿನ್ನಿಯಾ, ಕಾಸ್ಮಾಸ್, ಸುಗಂಧರಾಜ ಇವೆಲ್ಲಾನೂ ಮೆಕ್ಸಿಕೋದವೇ, ಅಲ್ಲೂ ನಮ್ಮ ಹಾಗೆ ಬೇಸಿಗೆ ಕಳೆದು ಮಳೆ, ಮಳೆ ಕಳೆದು ಒಣ ಹವೆ, ಅದಕ್ಕೇ ಇವು ನಮ್ಮೂರಿಗೆ ಇಷ್ಟು ಚೆನ್ನಾಗಿ ಒಗ್ಗಿವೆ. ಆದ್ರೆ ಮಲೆನಾಡಿನಷ್ಟು ಮಳೆ ಅವಕ್ಕೆ ಅಭ್ಯಾಸ ಇಲ್ಲ. ಗಡ್ಡೆಗೆ ಬೇಕಾಗಿದ್ದು ತೇವ, ನಿಂತ ನೀರಲ್ಲ. ನೆಲಮಟ್ಟದಲ್ಲಿ ಹಾಕ್ಲೇಬೇಡಿ, ಒಂದಡಿ ಎತ್ತರದ ಮಣ್ಣಿನ ದಿಬ್ಬ ಮಾಡಿ, ಮಣ್ಣಿಗೆ ಮರಳು, ಹಳೇ ಸಗಣಿ ಗೊಬ್ಬರ ಬೆರೆಸಿ, ಸೂರಿನ ನೀರು ಬೀಳದ ಕಡೆ ಹಾಕಿ. ಗಡ್ಡೆ ಭಾಗ ಮಾಡೋವಾಗ ನೋಡ್ಬೇಕಾಗಿದ್ದು ಗಡ್ಡೆ ದಪ್ಪ ಅಲ್ಲ, ಕುತ್ತಿಗೆ ಹತ್ರ ಹಳೇ ಕಾಂಡದ ಬುಡದಲ್ಲಿರೋ ಕಣ್ಣು, ಕಣ್ಣಿಲ್ಲದ ಗಡ್ಡೆ ಎಷ್ಟು ದಪ್ಪ ಇದ್ರೂ ಚಿಗುರಲ್ಲ. ಕತ್ತರಿಸಿದ ಜಾಗಕ್ಕೆ ಬೂದಿ ಬಳಿದು ಒಂದು ದಿನ ಒಣಗಿಸಿ ಹಾಕಿ.

ಚಿಗುರು ಬಂದು ಮೂರ್ನಾಲ್ಕು ಜೊತೆ ಎಲೆ ಆದ್ಮೇಲೆ ತುದಿ ಚಿವುಟಿ. ಆಸರೆ ಕೋಲನ್ನ ಗಡ್ಡೆ ಹಾಕೋವಾಗ್ಲೇ ನೆಡಿ, ಆಮೇಲೆ ಚುಚ್ಚಿದ್ರೆ ಗಡ್ಡೆಗೇ ಹೋಗಿ ನಾಟುತ್ತೆ. ದೊಡ್ಡ ಹೂ ಬೇಕು ಅಂದ್ರೆ ನಡುವಿನ ಮೊಗ್ಗು ಬಿಟ್ಟು ಪಕ್ಕದ ಎರಡನ್ನ ಕೀಳಿ. ಬಸವನಹುಳ ನಿಮ್ಕಡೆ ಮಳೆಗಾಲದಲ್ಲಿ ಎಳೇ ಚಿಗುರನ್ನ ರಾತ್ರೋರಾತ್ರಿ ಮುಗಿಸ್ತವೆ, ಒದ್ದೆ ಗೋಣಿಚೀಲ ಹಾಸಿಡಿ, ಬೆಳಗ್ಗೆ ಅದರಡಿ ಸೇರ್ಕೊಂಡಿರ್ತವೆ, ಆರಿಸಿ ಉಪ್ಪುನೀರಿಗೆ ಹಾಕಿ. ಅಂಗಡೀಲಿ ಸಿಗೋ ಬಸವನಹುಳದ ವಿಷದ ಗುಳಿಗೆ ನಾಯಿ, ದನ ಇರೋ ಮನೇಲಿ ಬೇಡವೇ ಬೇಡ.

ದೀಪಾವಳಿ ಕಳೆದು ಗಿಡ ಹಳದಿ ಆದ್ಮೇಲೆ ನೀರು ಹಾಕೋದು ನಿಲ್ಲಿಸಿ, ಒಣಗಿದ್ಮೇಲೆ ಗಡ್ಡೆ ಕಿತ್ತು ಒಣ ಮರಳಲ್ಲೋ ಬೂದೀಲೋ ಹೂತು, ಗಾಳಿಯಾಡೋ ಕಡೆ ಇಡಿ. ಒಂದೊಂದಕ್ಕೂ ಬಣ್ಣದ ಹೆಸರು ಬರೆದು ಕಟ್ಟೋದು ಮರೀಬೇಡಿ.

ಪ್ರಶ್ನೆ: ಮೂರು ವರ್ಷದಿಂದ ಒಂದೇ ಪಾತೀಲಿ ಆಸ್ಟರ್ ಹಾಕ್ತಿದ್ದೀನಿ. ಈಗ ಹೂ ಬರೋ ಹೊತ್ತಿಗೆ ಗಿಡ ಒಂದೊಂದಾಗಿ ಸೊರಗಿ ಒಣಗ್ತಿದೆ. ಏನು ಹೊಡೀಲಿ?
(ಓದುಗರು, ಕೋಲಾರ)

ಉತ್ತರ: ಏನೂ ಹೊಡೀಬೇಡಿ, ಪಾತಿ ಬದಲಾಯಿಸಿ. ಇದು ಮಣ್ಣಿಂದ ಬರೋ ಸೊರಗು ರೋಗ, ಆ ಶಿಲೀಂಧ್ರ ಮಣ್ಣಲ್ಲಿ ವರ್ಷಗಟ್ಟಲೆ ಇರುತ್ತೆ. ಅಲ್ಲಿ ಮೂರ್ನಾಲ್ಕು ವರ್ಷ ಆಸ್ಟರ್ ಬೇಡ, ಚೆಂಡು ಹೂ ಹಾಕಿ, ರಾಗಿ ಹಾಕಿ. ಒಣಗಿದ ಗಿಡ ಕಿತ್ತು ಸುಡಿ, ತಿಪ್ಪೆಗೆ ಹಾಕಿದ್ರೆ ಗೊಬ್ಬರದ ಜೊತೆ ವಾಪಸ್ ಬರುತ್ತೆ. ಅರ್ಕ ಕಾಮಿನಿ, ಅರ್ಕ ಪೂರ್ಣಿಮ ಒಳ್ಳೇ ತಳಿಗಳು. ಆಸ್ಟರ್ ಬೀಜ ಬೇಗ ಹಳತಾಗುತ್ತೆ, ವರ್ಷ ದಾಟಿದ್ದು ನಂಬಬೇಡಿ. ಮತ್ತೆ ಆಸ್ಟರ್ ಒಂದ್ಸಲ ಹೂ ಕೊಟ್ಟು ಮುಗಿಯೋ ಗಿಡ, ಕೊಯ್ದಷ್ಟೂ ಬರುತ್ತೆ ಅನ್ನೋದು ಇದಕ್ಕಿಲ್ಲ, ಎರಡೆರಡು ವಾರಕ್ಕೆ ಸ್ವಲ್ಪ ಸ್ವಲ್ಪ ಬಿತ್ತಿದ್ರೆ ಮಾತ್ರ ಸಾಲಾಗಿ ಹೂ ಸಿಗುತ್ತೆ.

ಪ್ರಶ್ನೆ: ನಮಸ್ಕಾರ್ರೀ ಅಕ್ಕಾರ. ನಮ್ಮನಿ ಹಿಂದ ಹತ್ತಡಿ ಉದ್ದ, ನಾಕಡಿ ಅಗಲ ಜಾಗ ಐತ್ರಿ. ಅಷ್ಟರಾಗ ವರ್ಷಪೂರ್ತಿ ಪೂಜಾಕ್ಕ, ಮನ್ಯಾಗ ಇಡಾಕ ಹೂ ಬೆಳೀಬೇಕಂತ ಆಸೆ. ಏನೇನು ಹಚ್ಚಲಿ?
(ಓದುಗರು, ಹುಬ್ಬಳ್ಳಿ)

ಉತ್ತರ: ಹತ್ತಡಿ ನಾಲ್ಕಡಿ ಕಮ್ಮಿ ಜಾಗ ಅಂದ್ಕೋಬೇಡಿ. ಆರು ಗಂಟೆ ಬಿಸಿಲು ಬೀಳುತ್ತಾ ಅಂತ ಮೊದಲು ನೋಡಿ, ಬಿದ್ರೆ ಒಂದು ಮನೆಗೆ ಧಾರಾಳ. ನಿಮ್ಮಲ್ಲಿ ಕಪ್ಪು ಮಣ್ಣಾದ್ರೆ ನೀರು ಹಿಡ್ಕೊಳ್ಳುತ್ತೆ, ಪಾತೀನ ಎತ್ತರ ಮಾಡಿ, ಗೊಬ್ಬರ, ಮರಳು ಸೇರಿಸಿ.

ಒಂದು ತುದೀಲಿ ಎರಡಡಿ ಜಾಗ ಕಾಯಂ ಗಿಡಕ್ಕೆ ಬಿಟ್ಬಿಡಿ. ಅಲ್ಲಿ ಕನಕಾಂಬರ ಹಾಕಿ, ಕರಾವಳಿಯವರು ಅಬ್ಬಲಿಗೆ ಅಂತಾರಲ್ಲ ಅದೇ, ಅರೆನೆರಳಲ್ಲೂ ಬರುತ್ತೆ, ಜೋರು ಮಳೆ ಬಿಟ್ರೆ ವರ್ಷದ ಬಹುಪಾಲು ಹೂ ಕೊಡುತ್ತೆ. ಪಕ್ಕದಲ್ಲೊಂದು ಬಟನ್ ರೋಸ್. ಅಂಗಡಿ ಬೊಕ್ಕೆಲಿ ಕಾಣೋ ಉದ್ದ ಕಡ್ಡಿ ಡಚ್ ಗುಲಾಬಿ ಪಾಲಿಹೌಸ್ (ಪ್ಲಾಸ್ಟಿಕ್ ಹೊದಿಸಿದ ಚಪ್ಪರ) ಬೆಳೆ, ಹಿತ್ತಲಲ್ಲಿ ಅಷ್ಟು ಉದ್ದ ಕಡ್ಡಿ ಬರಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ.

ಮಿಕ್ಕ ಎಂಟಡಿಯನ್ನ ಕಾಲಕ್ಕೆ ತಕ್ಕಂಗೆ ಬದಲಾಯಿಸ್ತಾ ಹೋಗಿ. ಈಗ ಜೂನ್‌ನಲ್ಲಿ ಅರ್ಧ ಭಾಗಕ್ಕೆ ಜಿನ್ನಿಯಾ ಬೀಜ ಸೀದಾ ನೆಲಕ್ಕೇ ಹಾಕಿ, ಎರಡು ತಿಂಗಳಿಗೆ ಹೂ, ಶ್ರಾವಣಕ್ಕೆ ಸರಿಹೋಗುತ್ತೆ. ಜಿನ್ನಿಯಾ, ಕಾಸ್ಮಾಸ್ ಎರಡೂ ಕೊಯ್ದಷ್ಟೂ ಕವಲೊಡೆದು ಹೂ ಬಿಡ್ತವೆ, ಗಿಡದಲ್ಲೇ ಬಾಡೋಕೆ ಬಿಟ್ರೆ ಬೀಜ ಕಟ್ಟಿ ನಿಲ್ಲಿಸ್ತವೆ, ಪಾಪ ಅಂತ ಕೊಯ್ಯದೇ ಇರಬೇಡಿ. ಇನ್ನರ್ಧಕ್ಕೆ ಜೂನ್ ಕೊನೆಗೆ ಸೇವಂತಿಗೆ ಮರಿ, ಅಂಚಿಗೆ ಚೆಂಡು ಹೂ. ಅಕ್ಟೋಬರ್‌ನಲ್ಲಿ ಜಿನ್ನಿಯಾ ಕಿತ್ತು ಅಲ್ಲಿ ಆಸ್ಟರ್, ಗ್ಲಾಡಿಯೋಲಸ್ ಗಡ್ಡೆ ಹಾಕಿ, ಗ್ಲಾಡಿಯೋಲಸ್ ಎರಡೂವರೆ ಮೂರು ತಿಂಗಳಿಗೆ ಬರುತ್ತೆ, ಸಂಕ್ರಾಂತಿ ಸುತ್ತಮುತ್ತ ಸಿಗುತ್ತೆ. ಚಳಿಗಾಲ ನಿಮ್ಮಲ್ಲಿ ಹೂವಿಗೆ ಬಲು ಚಂದ ಕಾಲ. ಫೆಬ್ರವರೀಲಿ ಮತ್ತೆ ಜಿನ್ನಿಯಾ, ಜೊತೆಗೆ ಕೋಳಿಜುಟ್ಟು, ಇವೆರಡು ಹುಬ್ಬಳ್ಳಿ ಬಿಸಿಲನ್ನೂ ತಡ್ಕೊಳ್ತವೆ, ಬುಡಕ್ಕೆ ಒಣ ಎಲೆ ದಪ್ಪಕ್ಕೆ ಹೊದಿಸಿದ್ರೆ ನೀರೂ ಉಳಿಯುತ್ತೆ. ಮೇನಲ್ಲಿ ಪಾತಿ ಖಾಲಿ ಬಿಡಿ, ಅಗೆದು ಗೊಬ್ಬರ ಹಾಕಿ ಮಣ್ಣು ಬಿಸಿಲು ಕಾಯಲಿ.

ಪ್ರಶ್ನೆ: ಅಕ್ಕ, ಟೆರೇಸಲ್ಲಿ ಕುಂಡದಲ್ಲಿ ಶಂಕರಪುರ ಮಲ್ಲಿಗೆ ಇಟ್ಟಿದ್ದೇನೆ. ಎಲೆ ಚಂದ ಉಂಟು, ಹೂ ಇಲ್ಲ. ಬಂದ ನಾಲ್ಕು ಮೊಗ್ಗು ಕೂಡ ನೇರಳೆ ಬಣ್ಣ ಆಗಿ ಉದುರ್ತದೆ.
(ಓದುಗರು, ಮಂಗಳೂರು)

ಉತ್ತರ: ಎರಡು ಬೇರೆ ಬೇರೆ ತೊಂದರೆ ಇದು. ನೇರಳೆಯಾಗಿ ಉದುರೋದು ಮೊಗ್ಗುನೊಣದ ಕೆಲಸ, ಅದರ ಮರಿ ಮೊಗ್ಗಿನೊಳಗೆ ತಿಂದು, ಆಮೇಲೆ ಮಣ್ಣಿಗೆ ಬಿದ್ದು ಕೋಶ ಕಟ್ಟುತ್ತೆ. ಉದುರಿದ ಮೊಗ್ಗು ಪ್ರತಿದಿನ ಆರಿಸಿ ಸುಡಿ, ಕುಂಡದ ಮೇಲ್ಮಣ್ಣು ಕೆದಕಿ ಬೇವಿನ ಹಿಂಡಿ ಬೆರೆಸಿ. ಹೂ ಬಾರದೇ ಇರೋದಕ್ಕೆ ಕಾರಣ ಹೆಚ್ಚಾಗಿ ಸವರದೇ ಇರೋದು. ಮಲ್ಲಿಗೆ ಹೂ ಬರೋದು ಹೊಸ ಚಿಗುರಿನ ತುದೀಲಿ. ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ ನೀರು ಕಮ್ಮಿ ಮಾಡಿ, ಗಿಡಾನ ಅರ್ಧಕ್ಕೆ ಸವರಿ, ಎಲೆ ಕಿತ್ತು, ಆಮೇಲೆ ಗೊಬ್ಬರ ಕೊಟ್ಟು ನೀರು ಶುರುಮಾಡಿ, ಮಾರ್ಚ್‌ನಿಂದ ಮೊಗ್ಗು ನೋಡಿ. ನಡುವೆ ಹೂ ಬಂದು ಹೋದ ತುದಿ ಒಂದೆರಡು ಎಲೆ ಸಮೇತ ಚಿವುಟ್ತಾ ಇರಿ.

ನಿಮ್ಮ ಶಂಕರಪುರ ಮಲ್ಲಿಗೆಗೇ ಉಡುಪಿ ಮಲ್ಲಿಗೆ ಅನ್ನೋ ಹೆಸರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಇದೆ, ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆಗೂ ಇದೆ. ನಿಮ್ಮ ಕಡೆ ಲೆಕ್ಕ ಗೊತ್ತೇ ಇರುತ್ತೆ, 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದ್ರೆ 3,200 ಹೂ. ಅಷ್ಟನ್ನ ಬೆಳಗಾಗೋಕ್ ಮುಂಚೆ ಕೊಯ್ದು ಬಾಳೆನಾರಲ್ಲಿ ಕಟ್ಟೋ ಮನೆಗಳಿವೆ ಶಂಕರಪುರದಲ್ಲಿ, ನೀವು ಮುಡಿಯೋಷ್ಟಕ್ಕೆ ಎರಡು ದೊಡ್ಡ ಕುಂಡ ಸಾಕು.

ಪ್ರಶ್ನೆ: ನಾನು ಕಾಲೇಜ್ ಸ್ಟೂಡೆಂಟ್. ಫ್ರೆಂಡ್ಸ್‌ಗೆ ನಾನೇ ಬೊಕ್ಕೆ ಮಾಡ್ಕೊಡ್ತೀನಿ. ಹೂ ಸಿಗುತ್ತೆ, ಮಧ್ಯ ತುಂಬಿಸೋ ಹಸಿರು, ಸಣ್ಣ ಬಿಳಿ ಹೂವಿಗೆ ಅಂಗಡೀಲಿ ತುಂಬಾ ಕೇಳ್ತಾರೆ. ರೋಡ್ ಸೈಡಲ್ಲಿ ಬೆಳೆಯೋ ಬಿಳಿ ಹೂ ಹಾಕಬಹುದಾ?
(ವಿದ್ಯಾರ್ಥಿನಿ, ಹಾಸನ)

ಉತ್ತರ: ಅದು ಪಾರ್ಥೇನಿಯಂ ಕಣಮ್ಮಾ, ಕಾಂಗ್ರೆಸ್ ಗಿಡ. ಅಂಗಡಿ ಬೊಕ್ಕೆಗೆ ತುಂಬೋ ಸಣ್ಣ ಬಿಳಿ ಹೂ ಜಿಪ್ಸೋಫಿಲಾ ಥರಾನೇ ಕಾಣುತ್ತೆ ನಿಜ, ಆದ್ರೆ ಮುಟ್ಟಿದ್ರೆ ಕೆಲವರಿಗೆ ಮೈಯೆಲ್ಲಾ ತುರಿಕೆ, ಪರಾಗದಿಂದ ಉಬ್ಬಸ, ಗೆಳತಿ ಕೈಗೆ ಅದನ್ನ ಕೊಡಬೇಡ. ಹಸಿರಿಗೆ ನಮ್ಮಲ್ಲೇ ಬೇಕಾದಷ್ಟಿದೆ. ಹಾರಕ್ಕೆ ಹಾಕೋ ಮರುಗ, ದವನ, ಪನ್ನೀರೆಲೆ, ಹೂ ಕಟ್ಟೋ ಅಜ್ಜಿಯರು ಇದನ್ನ ಎಷ್ಟು ಹದವಾಗಿ ಸೇರಿಸ್ತಾರೆ ನೋಡಿದ್ದೀಯಲ್ಲಾ, ಅದೇ ಬೊಕ್ಕೆಗೂ. ಕಾಮಕಸ್ತೂರಿ ಹೂ ಬಿಟ್ಟಾಗ ಕಡ್ಡಿ ಗಟ್ಟಿಯಾಗುತ್ತೆ, ಆಗ ಕೊಯ್ದು ಹಾಕು, ಪರಿಮಳ ಬೇರೆ. ಕೊತ್ತಂಬರಿ, ಸಬ್ಬಸಿಗೆ ಅಡಿಗೆಗೆ ಬಲಿತು ಹೋಯ್ತು ಅಂತ ಕೀಳ್ತಾರಲ್ಲ, ಅದರ ಹೂವು ಕೊಡೆ ಬಿಡಿಸಿದ ಹಾಗಿರುತ್ತೆ, ಕೊತ್ತಂಬರಿದು ಬಿಳಿ, ಸಬ್ಬಸಿಗೇದು ಹಳದಿ, ಅಂಗಡಿ ಹೂವಿಗಿಂತ ಸೊಗಸು. ಕಣಗಿಲೆ ಮಾತ್ರ ಮಕ್ಕಳಿರೋ ಮನೆ ಬೊಕ್ಕೆಗೆ ಬೇಡ, ಎಲೆ, ಹೂ, ಕಡ್ಡಿ ಎಲ್ಲಾ ವಿಷ.

ಪ್ರಶ್ನೆ: ಮೇಡಂ, 10 ಗುಂಟೆ ಜಾಗ ಇದೆ, ಕಬ್ಬು ಬಿಟ್ಟು ಸುಗಂಧರಾಜ ಹಾಕೋಣ ಅಂತ. ಸಿಂಗಲ್ ಹಾಕ್ಲಾ, ಡಬಲ್ ಹಾಕ್ಲಾ?
(ರೈತರು, ಮಂಡ್ಯ)

ಉತ್ತರ: ಯಾರಿಗೆ ಮಾರ್ತೀರಿ ಅನ್ನೋದು ಮೊದಲು ಗೊತ್ತಾಗ್ಲಿ, ತಳಿ ಆಮೇಲೆ. ಸಿಂಗಲ್ ಅಂದ್ರೆ ಒಂದೇ ಸುತ್ತು ಎಸಳಿನದು, ಬಿಡಿಯಾಗಿ ಕೆಜಿ ಲೆಕ್ಕದಲ್ಲಿ ಹಾರಕ್ಕೆ ಹೋಗುತ್ತೆ, ವಾಸನೆ ಜಾಸ್ತಿ. ಡಬಲ್ ಅಂದ್ರೆ ಸುತ್ತು ಸುತ್ತು ಎಸಳಿನದು, ಕಡ್ಡಿ ಸಮೇತ ಬೊಕ್ಕೆಗೆ, ಡೆಕೊರೇಷನ್‌ಗೆ ಹೋಗುತ್ತೆ, ಕಡ್ಡಿ ಕೊಳ್ಳೋರು ಹತ್ತಿರ ಇಲ್ಲದಿದ್ರೆ ಅದು ಕೈಯಲ್ಲೇ ಉಳಿಯುತ್ತೆ. ಮಂಡ್ಯದಿಂದ ಮೈಸೂರಿಗೂ ಬೆಂಗಳೂರಿಗೂ ದಾರಿ ಸಲೀಸು, ಆದ್ರೂ ಮೊದಲ ವರ್ಷಕ್ಕೆ ನನ್ನ ಓಟು ಸಿಂಗಲ್‌ಗೆ. ಶೃಂಗಾರ್, ಪ್ರಜ್ವಲ್ ಸಿಂಗಲ್ಲು, ಸುವಾಸಿನಿ, ವೈಭವ್ ಡಬಲ್ಲು, ನಾಲ್ಕೂ ಹೆಸರಘಟ್ಟದ ತಳಿ. ನಿಮ್ಮ ಮಣ್ಣಲ್ಲಿ ಗಂಟುಬೇರಿನ ಜಂತುಹುಳದ ಕಾಟ ಇದ್ರೆ ಶೃಂಗಾರ್ ಅದನ್ನ ತಡ್ಕೊಳ್ಳುತ್ತೆ. ಅಡಕೆಗಿಂತ ಸ್ವಲ್ಪ ದಪ್ಪದ ಗಡ್ಡೆ ಆರಿಸಿ, ಒಂದಡಿಗೊಂದು ಸಾಲು, ಸಾಲಲ್ಲಿ ಮುಕ್ಕಾಲಡಿಗೊಂದು ಗಡ್ಡೆ. ಮೂರು, ಮೂರೂವರೆ ತಿಂಗಳಿಗೆ ಹೂ ಶುರು, ಒಂದ್ಸಲ ಹಾಕಿದ್ರೆ ಎರಡು ಮೂರು ವರ್ಷ ಕೊಯ್ಬಹುದು. ಬೇಸಿಗೆಯಿಂದ ಮಳೆಗಾಲದವರೆಗೆ ಚೆನ್ನಾಗಿ ಬಂದು ಚಳೀಲಿ ಕಮ್ಮಿ ಆಗುತ್ತೆ.

10 ಗುಂಟೆಗೂ ಒಟ್ಟಿಗೆ ಹಾಕ್ಬೇಡಿ. ಮೂರು ಗುಂಟೆಗೆ ಹಾಕಿ. ಬಿಡಿ ಹೂವನ್ನ ದಿನಾ ಬೆಳಗ್ಗೆ ಕತ್ತಲಲ್ಲೇ ಕೊಯ್ಯೋಕೆ ಆಳು ಬೇಕು, ಆ ಕೂಲಿ ಲೆಕ್ಕ ಕೈಗೆ ಸಿಕ್ಕಿದ್ಮೇಲೆ ಮಿಕ್ಕಿದ್ದಕ್ಕೆ ನಿಮ್ಮ ಗಡ್ಡೆನೇ ಸಾಕಾಗುತ್ತೆ, ಹೊಸದಾಗಿ ಕೊಳ್ಳೋ ಖರ್ಚೂ ಉಳಿಯುತ್ತೆ.

ಪ್ರಶ್ನೆ: ಅಕ್ಕ, ನಾವು ನ್ಯೂಜೆರ್ಸಿಯಲ್ಲಿದ್ದೀವಿ. ನವರಾತ್ರಿ ಗೊಂಬೆ ಕೂರಿಸಿದಾಗ ಮನೆ ಹೂವೇ ಇಡಬೇಕು ಅಂತ ಆಸೆ. ಇಲ್ಲಿ ಆಗುತ್ತಾ?
(ಓದುಗರು, ಎಡಿಸನ್)

ಉತ್ತರ: ಖಂಡಿತ ಆಗುತ್ತೆ, ಅಲ್ಲಿ ಲೆಕ್ಕ ಹಾಕ್ಬೇಕಾಗಿದ್ದು ಎರಡು ಕಡೆಯಿಂದ, ಒಂದು ಹಬ್ಬದಿಂದ, ಇನ್ನೊಂದು ಹಿಮದಿಂದ. ಚೆಂಡು ಹೂ, ಜಿನ್ನಿಯಾ, ಡೇರೆ ಮೂರೂ ಫ್ರಾಸ್ಟ್ ಬಿದ್ದ ರಾತ್ರಿಯೇ ಕಪ್ಪಾಗಿಬಿಡ್ತವೆ. ಮೇ ನಡುವೆ ಫ್ರಾಸ್ಟ್ ಭಯ ಕಳೆದ್ಮೇಲೆ ಡೇರೆ ಗಡ್ಡೆ ನೆಲಕ್ಕೆ ಹಾಕಿ, ಅದು ಸೆಪ್ಟೆಂಬರ್‌ನಲ್ಲಿ ಒಳ್ಳೇ ಜೋರಲ್ಲಿರುತ್ತೆ. ಚೆಂಡು ಹೂವಿನ ಬೀಜ ಜೂನ್ ನಡುವೆ ಒಂದ್ಸಲ, ಜುಲೈ ಮೊದಲ ವಾರ ಒಂದ್ಸಲ ಹಾಕಿ, ಅದಕ್ಕಿಂತ ತಡ ಬೇಡ. ಜಿನ್ನಿಯಾ ಜುಲೈ ಮೊದಲ ವಾರ ಹಾಕಿದ್ರೂ ನಡೆಯುತ್ತೆ. ಹಬ್ಬ ಅಕ್ಟೋಬರ್ ನಡುವೆ ಬಿದ್ದ ವರ್ಷ ವೆದರ್ ರಿಪೋರ್ಟ್ ನೋಡ್ತಾ ಇರಿ, ಫ್ರಾಸ್ಟ್ ಬರುತ್ತೆ ಅಂತ ಕಂಡ ಸಂಜೆ ಹಳೇ ಬೆಡ್‌ಶೀಟ್ ಹೊದಿಸಿ, ಇಲ್ಲಾ ಅರಳಿದ್ದೆಲ್ಲಾ ಕೊಯ್ದು ಒಳಗೆ ನೀರಿಗೆ ಹಾಕಿ. ಮೊದಲ ಫ್ರಾಸ್ಟ್‌ಗೆ ಎಲೆ ಕಪ್ಪಾದ್ಮೇಲೆ ಡೇರೆ ಗಡ್ಡೆ ಕಿತ್ತು, ಹೆಪ್ಪುಗಟ್ಟದಷ್ಟು ತಣ್ಣಗಿರೋ ಬೇಸ್‌ಮೆಂಟ್ ಮೂಲೇಲಿ ಮರದ ಹೊಟ್ಟಲ್ಲಿ ಹೂತಿಡಿ. ನೆಲದಲ್ಲೇ ಬಿಟ್ರೆ ಚಳಿಗೆ ಕೊಳೆತು ಹೋಗ್ತವೆ.